ಹಿನ್ನೀರಿನ ಲೆಕ್ಕ

ಬಾಗಲಕೋಟೆಯ ಹಳೆಯ ಮಂದಿಗೆ ಎರಡು ಅಂಕಿಗಳು ಬಾಯಿಪಾಠ: 519.60 ಮತ್ತು 524.256. ಆಲಮಟ್ಟಿ ಅಣೆಕಟ್ಟೆಯ ನೀರು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರಕ್ಕೆ ನಿಲ್ಲುತ್ತದೆ, ಮುಂದೆ ಎಷ್ಟಕ್ಕೆ ನಿಲ್ಲಬಹುದು ಎಂಬ ಅಂಕಿಗಳು ಅವು. ಮಗ್ಗಿ ಮರೆತವರೂ ಇವನ್ನು ಮರೆತಿಲ್ಲ. ಮನೆ, ಗುಡಿ, ಅಂಗಡಿ ಉಳಿಯುವುದೋ ಮುಳುಗುವುದೋ ಎಂಬುದನ್ನು ತೀರ್ಮಾನಿಸಿದ್ದು ಅವೇ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆ ಕಟ್ಟೆಗೆ ಅಡಿಗಲ್ಲು ಹಾಕಿದಾಗ ಅಲ್ಲಿದ್ದವರ ಕಣ್ಣೆದುರು ಇದ್ದದ್ದು ಬರಗಾಲದ ಹೊಲಗಳು. ಹಿನ್ನೀರು ಊರ ಬಾಗಿಲಿಗೆ ಬಂದದ್ದು ದಶಕಗಳ ಮೇಲೆ. ಬಂದಾಗ ತಗ್ಗಿನ ಓಣಿ ಮುಳುಗಿತು, ದಿನ್ನೆಯ ಮೇಲಿನ ಓಣಿ ಉಳಿಯಿತು. ನೀರು ಬೇಡವಾಗಿತ್ತು ಎಂದು ಯಾರೂ ಅನ್ನಲಿಲ್ಲ. ನಮ್ಮ ಮನೆಯ ಮಟ್ಟವೆಷ್ಟು ಎಂದು ಮೊದಲೇ ಹೇಳಬೇಕಿತ್ತು ಎಂದರು, ಅಷ್ಟೆ.

ಮಕ್ಕಳ ಕ್ಯಾನ್ಸರ್ ಗುಣವಾಗತೊಡಗಿದ ಚರಿತ್ರೆ ಹೆಚ್ಚುಕಡಿಮೆ ಇದೇ ದಶಕಗಳದ್ದು. ಅದರ ಆಕಾರವೂ ಇದೇ. ಮೊದಲು ಜೀವ ಉಳಿಸುವ ಕಟ್ಟೆ ಏರಿತು. ಹತ್ತಿಪ್ಪತ್ತು ವರ್ಷಗಳ ಮೇಲೆ ಅದರ ಹಿನ್ನೀರು ಕಾಣಿಸಿತು: ಯಾರಿಗೋ ಹೃದಯದಲ್ಲಿ, ಯಾರಿಗೋ ಕಿವಿಯಲ್ಲಿ, ಯಾರಿಗೋ ಎರಡನೆಯ ಕ್ಯಾನ್ಸರ್ ಆಗಿ. ಒಂದೇ ವಾರ್ಡಿನಲ್ಲಿ ಒಂದೇ ಔಷಧ ಪಡೆದ ಇಬ್ಬರಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರಲು ಕಾರಣವೇನು ಎಂದು ಹುಡುಕುತ್ತ ಹೋದವರು ಕೊನೆಗೆ ತಲುಪಿದ್ದು ವಂಶವಾಹಿಗಳ ಬಳಿಗೆ.

ಗಿರಣಿಯ ಬಸುರಿಯರಿಂದ ಶುರುವಾದದ್ದು

ಕಥೆಯ ಮೊದಲ ಎಳೆ ನಮ್ಮ ಕಡೆಯದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರು ರಕ್ತಹೀನತೆಯಿಂದ ಸಾಯುತ್ತಿದ್ದ ಕಾಲ ಅದು. ಕಬ್ಬಿಣಾಂಶ ಕೊಟ್ಟರೂ ನಾಟುತ್ತಿರಲಿಲ್ಲ. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ತಿನ್ನಿಸಿದಾಗ ರಕ್ತ ತುಂಬಿಕೊಂಡಿತು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಅಂಶಕ್ಕೆ ಮುಂದೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಇಂದು ಆಶಾ ಕಾರ್ಯಕರ್ತೆ ಬಸುರಿಯರ ಕೈಗೆ ಕೊಡುವ ಗುಳಿಗೆಯಲ್ಲಿ ಇರುವುದು ಅದೇ.

ಎರಡನೆಯ ಎಳೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರದು. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಬೆನ್ನಿಗೇ ಅದರ ವೇಷ ಹಾಕಿಕೊಂಡು ಅದರ ಕೆಲಸ ಕೆಡಿಸುವ ಅಮಿನೋಪ್ಟೆರಿನ್ ಎಂಬ ರಾಸಾಯನಿಕವನ್ನೂ ಮಾಡಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ ಮಕ್ಕಳಿಗೆ ಮೊದಲು ಫೋಲಿಕ್ ಆಮ್ಲ ಕೊಟ್ಟು ನೋಡಿದ್ದರು. ರೋಗ ಇಳಿಯುವ ಬದಲು ಬೆಳೆದಂತೆ ಕಂಡಿತ್ತು. ಬೆಳೆಸುವುದು ಅದಾದರೆ ತಡೆಯುವುದು ಅದರ ವೈರಿಯೇ ಆಗಬೇಕಲ್ಲ! 1948ರ ಜೂನ್‌ನಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ ಅಮಿನೋಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಚೇತರಿಕೆ ಕೆಲವು ತಿಂಗಳದ್ದು ಮಾತ್ರ. ಆದರೆ ಅದಕ್ಕೆ ಮೊದಲು ಅಷ್ಟೂ ಇರಲಿಲ್ಲ. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು, ವಯಸ್ಸು 53.

ಆಮೇಲೆ ಔಷಧಗಳು ಒಂದರ ಹಿಂದೆ ಒಂದು ಬಂದವು. 1953ರಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಮರ್ಕ್ಯಾಪ್ಟೊಪ್ಯೂರಿನ್ ಗುಳಿಗೆ ಬಂತು. 1963ರಲ್ಲಿ ಬಂದ ವಿನ್‌ಕ್ರಿಸ್ಟಿನ್ ನಮ್ಮ ಅಂಗಳದ ಕಾಶಿಕಣಗಿಲೆಯಿಂದ ತೆಗೆದದ್ದು. ಇಟಲಿಯ ದಕ್ಷಿಣದಲ್ಲಿ ಕಾಸ್ತೆಲ್ ದೆಲ್ ಮೊಂತೆ ಎಂಬ 13ನೆಯ ಶತಮಾನದ ಕೋಟೆಯಿದೆ. ಅದರ ಸುತ್ತಲಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ ಕಡುಗೆಂಪು ಬಣ್ಣ ಸ್ರವಿಸುತ್ತಿತ್ತು. ಆ ಕೆಂಪಿನಿಂದ ಡಾನೊರುಬಿಸಿನ್, ಅದರ ತಮ್ಮನಾಗಿ ಡಾಕ್ಸೊರುಬಿಸಿನ್ ಹುಟ್ಟಿದವು. 543ರಲ್ಲಿ ಒಂದನೆಯ ಪುಲಕೇಶಿ ಕಟ್ಟಿಸಿದ ಬಾದಾಮಿ ಕೋಟೆಯ ಕೆಂಪು ಬಂಡೆಗಳ ನೆರಳಲ್ಲಿ ಬೆಳೆದ ಮಗುವಿಗೂ ಜಡ್ಡು ಬಂದಾಗ ನರಕ್ಕೆ ಏರಿಸುವುದು ಆ ದೂರದ ಕೋಟೆಯ ಕೆಂಪನ್ನೇ. ಮಂದಿ ಅದನ್ನು ‘ಕೆಂಪು ಔಷಧ’ ಎನ್ನುತ್ತಾರೆ. ವಿಕಿರಣ ಚಿಕಿತ್ಸೆಗೆ ಅವರ ಮಾತು ‘ಕರೆಂಟ್ ಕೊಡೋದು’.

1962ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಬಾಗಿಲು ತೆರೆದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಇವನ್ನೆಲ್ಲ ಒಟ್ಟುಗೂಡಿಸಿದರು. ಹಲವು ಔಷಧ ಒಟ್ಟಿಗೆ, ಮಿದುಳಿನಲ್ಲಿ ಅಡಗುವ ಕ್ಯಾನ್ಸರ್ ಕಣಗಳಿಗೆ ತಲೆಗೆ ಕರೆಂಟ್, ಬಳಿಕ ವರ್ಷಗಟ್ಟಲೆ ಗುಳಿಗೆ. ದಶಕ ಮುಗಿಯುವಷ್ಟರಲ್ಲಿ ರಕ್ತಕ್ಯಾನ್ಸರಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬದುಕುವ ದಾರಿ ಕಂಡಿತು.

ಕಟ್ಟೆ ಇಲ್ಲಿಗೂ ಬಂತು

ನಮ್ಮ ಸೀಮೆಗೆ ಈ ದಾರಿ ತೆರೆದದ್ದು ತಡವಾಗಿ. ಮುಂಬೈಯ ಟಾಟಾ ಆಸ್ಪತ್ರೆ 1941ರಿಂದಲೇ ಇತ್ತು. ಬೆಂಗಳೂರಿನ ಕಿದ್ವಾಯಿ 1973ರಲ್ಲಿ ಶುರುವಾಯಿತು. ಮಕ್ಕಳ ರಕ್ತಕ್ಯಾನ್ಸರಿಗೆ ಭಾರತದಲ್ಲಿ ದೊಡ್ಡ ತಿರುವು ಬಂದದ್ದು 1984ರಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾತ್ ಅವರ ಜೊತೆಗೂಡಿ ಮುಂಬೈಯ ಟಾಟಾ, ಚೆನ್ನೈಯ ಕ್ಯಾನ್ಸರ್ ಸಂಸ್ಥೆ ಮತ್ತು ದಿಲ್ಲಿಯ ಏಮ್ಸ್ ಒಂದೇ ಪಾಠದ ಚಿಕಿತ್ಸೆ ಆರಂಭಿಸಿದವು. ಅದರ ಹೆಸರು ಎಂ.ಸಿ.ಪಿ. 841. ಅದರಲ್ಲಿ ಕಾಶಿಕಣಗಿಲೆಯ ವಿನ್‌ಕ್ರಿಸ್ಟಿನ್, ಕೆಂಪು ಡಾನೊರುಬಿಸಿನ್, ಮರ್ಕ್ಯಾಪ್ಟೊಪ್ಯೂರಿನ್ ಗುಳಿಗೆ, ತಲೆಗೆ ಕರೆಂಟ್ ಎಲ್ಲವೂ ಇದ್ದವು. ಮೊದಲು ಐದರಲ್ಲಿ ಒಂದು ಮಗು ಉಳಿಯುವುದೂ ಕಷ್ಟವಾಗಿದ್ದಲ್ಲಿ, ನಾಲ್ಕು ವರ್ಷ ರೋಗ ಮರುಕಳಿಸದೆ ಉಳಿದವರ ಪ್ರಮಾಣ ಆಸ್ಪತ್ರೆಗೆ ತಕ್ಕಂತೆ ಶೇ 41ರಿಂದ 60ರ ನಡುವಿಗೆ ಏರಿತು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಮನೆಗಳಿಗೆ ಇದರ ಅರ್ಥ ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರ, ಬೆಂಗಳೂರು, ಮುಂಬೈಗಳ ನಡುವಿನ ಓಡಾಟ. ಮಗ್ಗದ ಮೇಲಿನ ಸೀರೆ ಅರ್ಧಕ್ಕೆ ಬಿಟ್ಟು ತಿಂಗಳುಗಟ್ಟಲೆ ಪರ ಊರಲ್ಲಿ ಕೂಡುವುದೆಂದರೆ ನೇಕಾರನಿಗೆ ಕೂಲಿ ಹೋದಂತೆಯೇ. 2010ರಲ್ಲಿ ಬಿ.ಪಿ.ಎಲ್. ಕುಟುಂಬಗಳಿಗಾಗಿ ಉತ್ತರ ಕರ್ನಾಟಕದಿಂದಲೇ ಶುರುವಾದ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳು ದುಡ್ಡಿನ ಹೊರೆಯನ್ನು ಇಳಿಸಿದವು. ಕಟ್ಟೆಯ ನೀರು ಕಾಲುವೆಗೆ ಬಂತು ಅನ್ನಬೇಕು. ಗುಣವಾಗಿ ಊರಿಗೆ ಮರಳುವ ಮಕ್ಕಳ ಸಂಖ್ಯೆ ಹೆಚ್ಚಿತು.

ಹಿನ್ನೀರು ಕಂಡ ವರ್ಷಗಳು

1975ರಲ್ಲಿ ಗಿಯುಲಿಯೊ ಡಾಂಜಿಯೊ ಎಂಬ ಅಮೆರಿಕನ್ ವೈದ್ಯರು ಒಂದು ಲೇಖನ ಬರೆದರು. ಗುಣಪಡಿಸುವುದಷ್ಟೇ ಸಾಲದು ಎಂಬುದು ಅದರ ತಿರುಳು. ಅರ್ಧದಷ್ಟು ಮಕ್ಕಳು ಇನ್ನೂ ಸಾಯುತ್ತಿದ್ದಾಗ ಹೀಗೆ ಹೇಳಲು ಎದೆ ಬೇಕು. ಆದರೆ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಬೇರೆಯೇ. ಕರೆಂಟ್ ಹಿಡಿದ ಬೆನ್ನೆಲುಬು ಒಂದೇ ಬದಿಗೆ ಬೆಳೆಯುತ್ತಿತ್ತು, ತಲೆಗೆ ಕರೆಂಟ್ ಪಡೆದ ಮಗು ಓದಿನಲ್ಲಿ ಹಿಂದೆ ಬೀಳುತ್ತಿತ್ತು.

1991ರಲ್ಲಿ ಎರಡು ಸಂಗತಿ ನಡೆದವು. ಬಾಸ್ಟನ್ನಿನಲ್ಲಿ ಸ್ಟೀವನ್ ಲಿಪ್‌ಶುಲ್ಟ್ಸ್ ಮತ್ತು ಜೊತೆಗಾರರು ಡಾಕ್ಸೊರುಬಿಸಿನ್ ಪಡೆದು ರಕ್ತಕ್ಯಾನ್ಸರಿನಿಂದ ಗುಣವಾದ 115 ಮಕ್ಕಳ ಹೃದಯ ನೋಡಿದರು. ಶೇ 57ರಷ್ಟು ಮಕ್ಕಳ ಹೃದಯದ ಬಡಿತದ ಬಲದಲ್ಲಿ ಅಥವಾ ಅದರ ಮೇಲಿನ ಭಾರದಲ್ಲಿ ವ್ಯತ್ಯಾಸ ಕಂಡಿತು. ಹಲವರಿಗೆ ಮೈಮೇಲೆ ಯಾವ ಲಕ್ಷಣವೂ ಇರಲಿಲ್ಲ. ಅದೇ ವರ್ಷ ಮುಂಬೈಯ ಟಾಟಾದಲ್ಲಿ ಚಿಕಿತ್ಸೆ ಮುಗಿದ ಮಕ್ಕಳಿಗಾಗಿ ‘ಎ.ಸಿ.ಟಿ.’ ಎಂಬ ಬೇರೆಯದೇ ಕ್ಲಿನಿಕ್ ತೆರೆಯಿತು. ಇಂಥದು ಭಾರತದಲ್ಲಿ ಅದೇ ಮೊದಲು. ರೋಗವಿಲ್ಲದವರನ್ನು ಆಸ್ಪತ್ರೆಗೆ ಕರೆಯುವ ಯೋಚನೆಯೇ ನಮಗೆ ಹೊಸದು. ‘ಈಗ ಆರಾಮ ಆಗೇದಲ್ರೀ, ಮತ್ಯಾಕ ಬರಬೇಕ್ರೀ?’ ಎಂಬ ಪ್ರಶ್ನೆ ನಮ್ಮ ಕಡೆ ಸಹಜವಾಗಿಯೇ ಏಳುವಂಥದು.

ಆ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಆಲಮಟ್ಟಿಯನ್ನು ನಾಡಿಗೆ ಅರ್ಪಿಸಿ ಎರಡು ತಿಂಗಳೂ ಆಗಿರಲಿಲ್ಲ. 1970ರಿಂದ 1986ರ ನಡುವೆ ಚಿಕಿತ್ಸೆಗೆ ಬಂದಿದ್ದ ಮಕ್ಕಳು ದೊಡ್ಡವರಾದ ಮೇಲೆ ಹೇಗಿದ್ದಾರೆಂದು ಅಮೆರಿಕದ ತಂಡವೊಂದು ವಿಚಾರಿಸಿತ್ತು. 10,397 ಮಂದಿಯಲ್ಲಿ ಶೇ 62.3ರಷ್ಟು ಮಂದಿಗೆ ಕನಿಷ್ಠ ಒಂದು ದೀರ್ಘಕಾಲದ ತೊಂದರೆಯಿತ್ತು. ಶೇ 27.5ರಷ್ಟು ಮಂದಿಗೆ ಅದು ತೀವ್ರವಾಗಿತ್ತು ಅಥವಾ ಜೀವಕ್ಕೆ ಕುತ್ತಾಗಿತ್ತು. ಇವರು ಸೋತವರಲ್ಲ, ಗೆದ್ದು ಬಂದವರು. ಆದರೆ ಹೊಸ್ತಿಲಿಗೆ ನೀರು ಮುಟ್ಟಿತ್ತು.

ಮನೆಯ ಮಟ್ಟ ಅಳೆದವರು

ಯಾರ ಹೊಸ್ತಿಲಿಗೆ? ಇದಕ್ಕೆ ಮೊದಲ ಸುಳಿವು ಕೊಟ್ಟದ್ದು ಕಣ್ಣಿನ ಕ್ಯಾನ್ಸರ್. ಫೋಟೊ ತೆಗೆದಾಗ ಮಗುವಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವ ರೆಟಿನೊಬ್ಲಾಸ್ಟೊಮಾ ಅದು. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಕೇವಲ 48 ಮಕ್ಕಳ ದಾಖಲೆ ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಎರಡೂ ಕಣ್ಣಿಗೆ ರೋಗ ಬರುವ ಮಕ್ಕಳು ವಂಶವಾಹಿಯೊಂದಕ್ಕೆ ಬಿದ್ದ ಒಂದು ಪೆಟ್ಟನ್ನು ಹುಟ್ಟುವಾಗಲೇ ತಂದಿರುತ್ತಾರೆ. ಎರಡನೆಯ ಪೆಟ್ಟು ಬಿದ್ದರೆ ಸಾಕು. ಉಳಿದವರಿಗೆ ಎರಡು ಪೆಟ್ಟೂ ಹುಟ್ಟಿದ ಮೇಲೆಯೇ ಬೀಳಬೇಕು. 1986ರಲ್ಲಿ ಆ ವಂಶವಾಹಿ ಸಿಕ್ಕಿತು: ಆರ್.ಬಿ.1.

ಈಗ ಹಳೆಯ ದುಃಖವೊಂದಕ್ಕೆ ಅರ್ಥ ಬಂತು. ಕಣ್ಣು ಉಳಿಸಲು ಕರೆಂಟ್ ಪಡೆದ ಮಕ್ಕಳಲ್ಲಿ ಹಲವರಿಗೆ ದಶಕಗಳ ಮೇಲೆ ಮೂಳೆ, ಸ್ನಾಯುಗಳ ಕ್ಯಾನ್ಸರ್ ಬರುತ್ತಿತ್ತು. ಮೈಯ ಪ್ರತಿ ಕಣದಲ್ಲೂ ಒಂದು ಪೆಟ್ಟು ಮೊದಲೇ ಇದ್ದವರಿಗೆ ವಿಕಿರಣ ಎರಡನೆಯ ಪೆಟ್ಟಾಗುತ್ತಿತ್ತು. 50 ವರ್ಷಗಳ ಲೆಕ್ಕದಲ್ಲಿ ವಂಶದಿಂದ ಬಂದ ರೂಪದವರಿಗೆ ಇನ್ನೊಂದು ಕ್ಯಾನ್ಸರ್ ಬರುವ ಸಂಭವ ಶೇ 36, ಉಳಿದವರಿಗೆ ಶೇ 5.7. 1990ರ ದಶಕದಿಂದ ವೈದ್ಯರು ಈ ಮಕ್ಕಳಿಗೆ ಆದಷ್ಟು ಕರೆಂಟ್ ತಪ್ಪಿಸಿ ಔಷಧದ ದಾರಿ ಹಿಡಿದರು. ಮನೆಯ ಮಟ್ಟ ನೋಡಿ ಕಟ್ಟೆಯ ಎತ್ತರ ತಗ್ಗಿಸಿದ ಮೊದಲ ಸಂದರ್ಭಗಳಲ್ಲಿ ಇದೊಂದು.

1999ರಲ್ಲಿ ಸೇಂಟ್ ಜೂಡ್‌ನ ಮೇರಿ ರೆಲಿಂಗ್ ಇನ್ನೊಂದು ಕಠೋರ ಲೆಕ್ಕ ಮುಂದಿಟ್ಟರು. ಔಷಧಗಳ ಜೊತೆ ತಲೆಗೆ ಕರೆಂಟ್ ಪಡೆದ 52 ಮಕ್ಕಳಲ್ಲಿ 6 ಮಕ್ಕಳಿಗೆ ಮಿದುಳಿನ ಗಡ್ಡೆ ಬಂದಿತ್ತು. ಮರ್ಕ್ಯಾಪ್ಟೊಪ್ಯೂರಿನ್ನನ್ನು ಕರಗಿಸುವ ಕಿಣ್ವಕ್ಕೆ ಟಿ.ಪಿ.ಎಂ.ಟಿ. ಎಂದು ಹೆಸರು. ಅದರ ವಂಶವಾಹಿಯಲ್ಲಿ ದೋಷವಿದ್ದ ಮಕ್ಕಳಲ್ಲಿ ಎಂಟು ವರ್ಷಗಳ ಅಪಾಯ ಶೇ 42.9, ಇಲ್ಲದವರಲ್ಲಿ ಶೇ 8.3. ಗುಳಿಗೆಯೊಂದೇ ಅಲ್ಲ, ಕರೆಂಟ್ ಒಂದೇ ಅಲ್ಲ, ವಂಶವಾಹಿಯೊಂದೇ ಅಲ್ಲ. ಮೂರೂ ಒಂದೇ ಮೈಯಲ್ಲಿ ಸೇರಿದಾಗ ಅನಾಹುತ.

ಕೆಂಪು ಔಷಧದ ಲೆಕ್ಕ ಬಿಡಿಸಲು ಇನ್ನಷ್ಟು ವರ್ಷ ಹಿಡಿಯಿತು. 2012ರಲ್ಲಿ ಹಾವಿಯರ್ ಬ್ಲಾಂಕೊ, ಸ್ಮಿತಾ ಭಾಟಿಯಾ ಮತ್ತು ಸಂಗಡಿಗರು ಬಾಲ್ಯದ ಕ್ಯಾನ್ಸರ್ ಗೆದ್ದವರಲ್ಲಿ ಹೃದಯ ಸೋತ 170 ಮಂದಿಯನ್ನು, ಸೋಲದ 317 ಮಂದಿಯನ್ನು ಹೋಲಿಸಿದರು. ಸಿ.ಬಿ.ಆರ್.3 ಎಂಬ ವಂಶವಾಹಿಯ ಒಂದು ರೂಪ ಅಪ್ಪ, ಅಮ್ಮನಿಂದ ಬಂದ ಎರಡೂ ಪ್ರತಿಗಳಲ್ಲಿದ್ದವರಿಗೆ ಕಡಿಮೆ ಅಥವಾ ಮಧ್ಯಮ ಪ್ರಮಾಣದ ಔಷಧವೂ ಅಪಾಯ ಹೆಚ್ಚಿಸಿತ್ತು. ಔಷಧದ ಒಟ್ಟು ಪ್ರಮಾಣ ಮೈಯ ಪ್ರತಿ ಚದರ ಮೀಟರಿಗೆ 250 ಮಿಲಿಗ್ರಾಂ ದಾಟಿದ ಮೇಲೆ ವಂಶವಾಹಿಯ ವ್ಯತ್ಯಾಸ ಲೆಕ್ಕಕ್ಕೇ ಬರಲಿಲ್ಲ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ತಗ್ಗಿನಲ್ಲಿರುವಾಗ ಯಾವ ಮನೆ ಯಾವ ಮಟ್ಟದಲ್ಲಿದೆ ಎಂಬುದೇ ಮುಖ್ಯ. ನೀರು ಮೇಲೇರಿದರೆ ದಿನ್ನೆಯೂ ಒಂದೇ, ತಗ್ಗೂ ಒಂದೇ. 2015ರಲ್ಲಿ ಕೆನಡಾದ ತಂಡ ಆರ್.ಎ.ಆರ್.ಜಿ. ಎಂಬ ಇನ್ನೊಂದು ವಂಶವಾಹಿಯ ರೂಪಭೇದಕ್ಕೂ ಹೃದಯದ ಹಾನಿಗೂ ನಂಟು ತೋರಿಸಿತು.

ತಡೆಗೋಡೆಯೂ ಇದೆ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಹಿನ್ನೀರಿನಿಂದ ಕಾಯಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ನೀರಿನ ನಡುವೆ ಮೆಟ್ಟಿಲಿಳಿದು ಹೋಗಬೇಕು. ಕೆಂಪು ಔಷಧಕ್ಕೆ ಮೊದಲು ಕೊಡುವ ಡೆಕ್ಸ್‌ರಾಝೋಕ್ಸೇನ್ ಹೃದಯದ ಸುತ್ತ ಅಂಥದೇ ಗೋಡೆ. ಅದು ಯಾರಿಗೆ ತೀರಾ ಅಗತ್ಯ ಎಂದು ಮೊದಲೇ ತಿಳಿಯುವುದಾದರೆ ವಂಶವಾಹಿಯ ಪರೀಕ್ಷೆಗೆ ಬೆಲೆ ಬರುತ್ತದೆ.

ನಕ್ಷೆ ಯಾರದು?

ಈ ಸರ್ವೆ ಬಹುಪಾಲು ನಡೆದದ್ದು ಯೂರೋಪ್ ಮೂಲದ ಜನರ ಮೈಮೇಲೆ. ಅಲ್ಲಿ ಬರೆದ ನಕ್ಷೆ ಹಿಡಿದು ಇಳಕಲ್ಲಿನ ಓಣಿ ಹುಡುಕಿದರೆ ದಾರಿ ತಪ್ಪುತ್ತದೆ. ಇದಕ್ಕೆ ಸಾಕ್ಷಿ ಮರ್ಕ್ಯಾಪ್ಟೊಪ್ಯೂರಿನ್ ಗುಳಿಗೆಯೇ. ಟಿ.ಪಿ.ಎಂ.ಟಿ. ಸರಿಯಿದ್ದರೂ ಏಷ್ಯಾದ ಎಷ್ಟೋ ರೋಗಿಗಳ ಬಿಳಿ ರಕ್ತಕಣಗಳು ಈ ಜಾತಿಯ ಗುಳಿಗೆಗಳಿಂದ ಕುಸಿಯುತ್ತಿದ್ದವು. 2014ರಲ್ಲಿ ಕೊರಿಯಾದ ಸಂಶೋಧಕರು ಕಾರಣ ಹಿಡಿದರು. ಅದು ಎನ್.ಯು.ಡಿ.ಟಿ.15 ಎಂಬ ಬೇರೊಂದು ವಂಶವಾಹಿ. ಮರುವರ್ಷ ಸೇಂಟ್ ಜೂಡ್‌ನ ಜುನ್ ಯಾಂಗ್ ತಂಡ 1,028 ರಕ್ತಕ್ಯಾನ್ಸರ್ ಮಕ್ಕಳಲ್ಲಿ ಅದನ್ನು ನೋಡಿತು. ಎರಡೂ ಪ್ರತಿಗಳಲ್ಲಿ ಆ ರೂಪವಿದ್ದ ಮಕ್ಕಳು ತಾಳಿಕೊಂಡದ್ದು ನಿಗದಿಯಾದ ಪ್ರಮಾಣದ ಶೇ 8.3ರಷ್ಟನ್ನು ಮಾತ್ರ. ಈ ರೂಪಭೇದ ಯೂರೋಪಿನಲ್ಲಿ ವಿರಳ, ಭಾರತೀಯರಲ್ಲಿ ಹಾಗಲ್ಲ. ಇದು ತಡವಾಗಿ ಬರುವ ಪೆಟ್ಟಲ್ಲ, ಚಿಕಿತ್ಸೆಯ ನಡುವಿನದು. ಆದರೆ ಪಾಠ ಒಂದೇ: ನಮ್ಮ ನೆಲದ ಮಟ್ಟವನ್ನು ನಾವೇ ಅಳೆಯಬೇಕು.

ಕಳ್ಳುಬಳ್ಳಿಯ ಮಾತೂ ಇಲ್ಲಿ ಬರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ನಮ್ಮ ಸೀಮೆಯಲ್ಲಿ ಹಳೆಯದು. ಆರ್.ಬಿ.1ರ ಒಂದೇ ಕೆಟ್ಟ ಪ್ರತಿ ಸಾಕಾದ್ದರಿಂದ ಅದಕ್ಕೂ ಈ ವಾಡಿಕೆಗೂ ಸಂಬಂಧವಿಲ್ಲ. ಆದರೆ ಎರಡೂ ಪ್ರತಿ ಕೆಟ್ಟಾಗ ಮಾತ್ರ ತೀವ್ರವಾಗಿ ತೊಂದರೆ ಕೊಡುವ ವಂಶವಾಹಿಗಳಿವೆ. ಎನ್.ಯು.ಡಿ.ಟಿ.15 ಅಂಥದು. 1995ರಲ್ಲಿ ಪತ್ತೆಯಾದ ಎ.ಟಿ.ಎಂ. ಎಂಬುದೂ ಅಂಥದು, ಅದರ ಎರಡೂ ಪ್ರತಿ ಕೆಟ್ಟ ಮಗುವಿಗೆ ಮಾಮೂಲಿ ಪ್ರಮಾಣದ ಕರೆಂಟೇ ಮೈ ಸುಡುವ ಬೆಂಕಿ. ಒಂದೇ ಅಜ್ಜಿಯಿಂದ ಎರಡು ಕವಲಾಗಿ ಇಳಿದ ಪ್ರತಿಗಳು ಒಂದು ಮಗುವಿನಲ್ಲಿ ಕೂಡುವ ಸಂಭವ ಒಳಸಂಬಂಧದಲ್ಲಿ ಹೆಚ್ಚು. ವೈದ್ಯರು ‘ಸಂಬಂಧದೊಳಗ ಲಗ್ನ ಆಗೀರೇನ?’ ಎಂದು ಕೇಳುವುದು ತಪ್ಪು ಹೊರಿಸಲು ಅಲ್ಲ, ಲೆಕ್ಕ ಸರಿಮಾಡಲು.

ಲೆಕ್ಕಕ್ಕೆ ಬೇಕಾದ ಕೆಲಸ ಶುರುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಸಂಯೋಜನೆಯಲ್ಲಿ 2020ರಲ್ಲಿ ಆರಂಭವಾದ ‘ಜೀನೋಮ್ ಇಂಡಿಯಾ’ 10,000 ಭಾರತೀಯರ ಪೂರ್ಣ ವಂಶವಾಹಿ ಪಾಠವನ್ನು ಓದಿತು. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು. ಬಾಲ್ಯದ ಕ್ಯಾನ್ಸರ್ ಗೆದ್ದವರನ್ನು ದೇಶದ ಹಲವು ಆಸ್ಪತ್ರೆಗಳು ಕೂಡಿ ನೋಂದಾಯಿಸುವ ಅಧ್ಯಯನವೂ ನಡೆದಿದೆ. ಒಂದು ಕಡೆ ನೆಲದ ಮಟ್ಟ, ಇನ್ನೊಂದು ಕಡೆ ಬಂದ ನೀರಿನ ದಾಖಲೆ. ಎರಡನ್ನೂ ಕೂಡಿಸಿ ಓದುವ ಕೆಲಸ ಮುಂದಿನದು.

ಟ್ರಂಕಿನೊಳಗಿನ ಕಾಗದ

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕಟ್ಟೆಯ ಎತ್ತರದ ಅಂಕಿ: ಯಾವ ಔಷಧ, ಒಟ್ಟು ಎಷ್ಟು ಮಿಲಿಗ್ರಾಂ, ಮೈಯ ಯಾವ ಭಾಗಕ್ಕೆ ಎಷ್ಟು ಕರೆಂಟ್. ಹಿನ್ನೀರು ಎಲ್ಲಿಯವರೆಗೆ ಬರಬಹುದೆಂದು ಹೇಳುವಲ್ಲಿ ಇಂದಿಗೂ ಈ ಅಂಕಿಯೇ ವಂಶವಾಹಿಗಿಂತ ಗಟ್ಟಿ ಸಾಕ್ಷಿ. ಬಹಳ ಮನೆಗಳಲ್ಲಿ ಮೊದಲು ಕಳೆಯುವುದೂ ಇದೇ. ಕೆಲವೊಮ್ಮೆ ಕಳೆಯುವುದಲ್ಲ, ಕಳೆಯುತ್ತಾರೆ. ಹುಡುಗಿಗೆ ಗಂಡು ನೋಡುವ ಹೊತ್ತಿಗೆ ಆ ಫೈಲು ಅಟ್ಟ ಸೇರುತ್ತದೆ, ಇಲ್ಲವೇ ಒಲೆ.

ಹೀಗೊಂದು ಊಹೆ ಮಾಡೋಣ. ಆರನೆಯ ವಯಸ್ಸಿನಲ್ಲಿ ಕೆಂಪು ಔಷಧ ಪಡೆದು ಗುಣವಾದ ಇಳಕಲ್ಲಿನ ಹುಡುಗಿ ಇಪ್ಪತ್ತೆರಡಕ್ಕೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಏಳನೆಯ ತಿಂಗಳು. ಮೆಟ್ಟಿಲು ಹತ್ತಿದರೆ ತೇಕು, ಕಾಲಲ್ಲಿ ಬಾವು. ‘ಬಸುರ್ಯಾಗ ಇದೆಲ್ಲಾ ಇರೂದೆ, ತಂಗಿ’ ಎನ್ನುತ್ತಾಳೆ ಅವ್ವ. ಬಸುರಿನಲ್ಲಿ ಹೃದಯ ಹೆಚ್ಚು ರಕ್ತ ನೂಕಬೇಕು. ಹದಿನಾರು ವರ್ಷದ ಹಿಂದೆ ಸವೆದ ಸ್ನಾಯು ಆಗ ದಣಿವು ತೋರಿಸಬಹುದು. ವೈದ್ಯರ ಮೇಜಿನ ಮೇಲೆ ಆ ಹಳೆಯ ಹಾಳೆ ಇದ್ದರೆ ಅಂದೇ ಎಕೋ ಪರೀಕ್ಷೆಗೆ ಚೀಟಿ ಬರೆಯುತ್ತಾರೆ. ಹಾಳೆ ಇಲ್ಲದಿದ್ದರೆ ಅವ್ವನ ಮಾತೇ ಕೊನೆಯ ಮಾತು.

ಫೈಲು ಸುಡುವವರ ಮನಸ್ಸಿನಲ್ಲಿ ಇನ್ನೊಂದು ಅಂಜಿಕೆ ಇರುತ್ತದೆ: ಹುಟ್ಟುವ ಕೂಸಿಗೂ ಬಂದೀತೇ, ಊನವಾದೀತೇ? ಆರ್.ಬಿ.1ರಂಥ ವಂಶದ ಕ್ಯಾನ್ಸರ್ ಬಿಟ್ಟರೆ ಉತ್ತರ ಸಮಾಧಾನದ್ದೇ. 2012ರಲ್ಲಿ ಅಮೆರಿಕದಲ್ಲಿ ಬಾಲ್ಯದ ಕ್ಯಾನ್ಸರ್ ಗೆದ್ದವರಿಗೆ ಹುಟ್ಟಿದ 4,699 ಮಕ್ಕಳನ್ನು ಪರಿಶೀಲಿಸಿದಾಗ ಹುಟ್ಟಿನಿಂದಲೇ ಊನವಿದ್ದವರು ಶೇ 2.7. ಅಪ್ಪ ಅಮ್ಮ ಪಡೆದ ಕರೆಂಟಿನಿಂದ, ಔಷಧದಿಂದ ಆ ಪ್ರಮಾಣ ಏರಿರಲಿಲ್ಲ. ಬೀಗರ ಮುಂದೆ ಬಚ್ಚಿಡುವಂಥ ಕಳಂಕ ಆ ಫೈಲಿನಲ್ಲಿಲ್ಲ.

ಕಾಗದ ಕಾಯುವುದನ್ನು ಬಾಗಲಕೋಟೆಯವರಿಗೆ ಯಾರೂ ಕಲಿಸಬೇಕಿಲ್ಲ. ಮುಳುಗಡೆಯಾಗಿ ನವನಗರಕ್ಕೆ ಬಂದ ಮನೆಗಳಲ್ಲಿ ಟ್ರಂಕು ತೆರೆದರೆ ಪರಿಹಾರದ ಆದೇಶ, ಪ್ಲಾಟಿನ ಹಕ್ಕುಪತ್ರ, ನಿರಾಶ್ರಿತರ ಪ್ರಮಾಣಪತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇರುತ್ತವೆ. ಮುಂದೆ ಮಗನ ನೌಕರಿಗೆ ಬೇಕಾದೀತು, ಮೊಮ್ಮಗಳ ಅರ್ಜಿಗೆ ಬೇಕಾದೀತು ಎಂದು ಅಜ್ಜ ಜೋಪಾನ ಮಾಡಿಟ್ಟವು. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಮನೆತನದಲ್ಲಿ ಉಳಿದ ಪುರಾವೆ ಅದು. ಔಷಧದ ಹೆಸರು, ಪ್ರಮಾಣ, ಕರೆಂಟಿನ ಲೆಕ್ಕ ಇರುವ ಒಂದು ಹಾಳೆಗೂ ಅದೇ ಚೀಲದಲ್ಲಿ ಜಾಗವಿದೆ.